ದೀಪಾವಳಿಯ ಕಿಲ್ಲೆ ಮತ್ತು ಥೀಮ್ ಪಾರ್ಕಿನ ಕಸುಬು

ಮನರಂಜನೆಯ ಉದ್ಯಾನಗಳಲ್ಲಿ ಎರಡು ಬಗೆಗಳಿವೆ. ತೊಟ್ಟಿಲು, ಜಾರುಬಂಡೆ, ನೀರಿನ ಕೊಳ ಮೊದಲಾದ ಆಟದ ಸಾಧನಗಳನ್ನು ಒಂದು ಆವರಣದಲ್ಲಿ ಕೂಡಿಸಿಟ್ಟರೆ ಅದು ಮೋಜಿನ ಉದ್ಯಾನವಾಗುತ್ತದೆ. ಅಂಥ ಸಾಧನಗಳನ್ನೂ ಕಟ್ಟಡಗಳನ್ನೂ ಗಿಡಮರಗಳನ್ನೂ ನಡೆಯುವ ಹಾದಿಯನ್ನೂ ಒಂದೇ ಕಥೆಗೆ, ಒಂದು ಕಾಲಕ್ಕೆ ಅಥವಾ ಒಂದು ಊರಿನ ಕಲ್ಪನೆಗೆ ಒಗ್ಗಿಸಿ ಕಟ್ಟಿದರೆ ಅದು ಥೀಮ್ ಪಾರ್ಕ್ ಎನ್ನಿಸಿಕೊಳ್ಳುತ್ತದೆ. ಈ ಎರಡನೆಯ ಬಗೆಯ ಉದ್ಯಾನವನ್ನು ರೂಪಿಸುವವರಿಗೆ ವಾಸ್ತುಶಿಲ್ಪ, ಯಂತ್ರವಿದ್ಯೆ, ಚಿತ್ರಕಲೆ, ನಾಟಕ ಇವೆಲ್ಲವೂ ಬೇಕಾಗುತ್ತವೆಯಾದರೂ, ಇವುಗಳನ್ನು ಒಟ್ಟಿಗೆ ಹಿಡಿದು ನಿಲ್ಲಿಸುವ ಶಕ್ತಿ ಬೇರೊಂದಿದೆ. ಒಂದು ಪುಟ್ಟ ಲೋಕವನ್ನು ಕೈಯಾರೆ ಕಟ್ಟಿ, ಮನಸ್ಸಿನಲ್ಲಿ ತಾನೂ ಅದರೊಳಗೆ ನಡೆದಾಡಿ ಬರುವ ಶಕ್ತಿಯದು, ಮತ್ತು ಅದು ಬಹುಮಟ್ಟಿಗೆ ಬಾಲ್ಯದಲ್ಲಿಯೇ ಕೈಗೆ ಹತ್ತುತ್ತದೆ. ಮಹಾರಾಷ್ಟ್ರದ ಗಡಿಸೀಮೆಯ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಮಕ್ಕಳಿಗೆ ಈ ಶಿಕ್ಷಣ ಹಬ್ಬಹುಣ್ಣಿಮೆಗಳ ನೆಪದಲ್ಲಿ ಪ್ರತಿವರ್ಷವೂ ಸಿಗುತ್ತ ಬಂದಿದೆ.

ಬಾಲ್ಯಕ್ಕೂ ಈ ಕಸುಬಿಗೂ ಇರುವ ನಂಟಿಗೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ವಾಲ್ಟ್ ಡಿಸ್ನಿಯದು. ೧೯೦೧ರಲ್ಲಿ ಶಿಕಾಗೋ ನಗರದಲ್ಲಿ ಹುಟ್ಟಿದ ಡಿಸ್ನಿ, ೧೯೦೬ರಿಂದ ೧೯೧೧ರವರೆಗೆ ಮಿಸೌರಿ ರಾಜ್ಯದ ಮಾರ್ಸಲೀನ್ ಎಂಬ ರೈಲುಮಾರ್ಗದ ಪಟ್ಟಣದಲ್ಲಿ, ಹೊಲಮನೆಯಲ್ಲಿ ಬೆಳೆದರು. ಈ ನಾಲ್ಕೈದು ವರ್ಷಗಳ ನೆನಪು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ದೊಡ್ಡವರಾದ ಮೇಲೆ ಮನೆಯ ಹಿತ್ತಲಲ್ಲಿ ಪುಟ್ಟ ಉಗಿಬಂಡಿಯ ಹಳಿ ಹಾಸಿ, ಅದರ ಪಕ್ಕದಲ್ಲಿ ಮಾರ್ಸಲೀನಿನ ಕೊಟ್ಟಿಗೆಯನ್ನೇ ಹೋಲುವ ಕೊಟ್ಟಿಗೆಯೊಂದನ್ನು ಕಟ್ಟಿಸಿಕೊಂಡರು. ೧೯೫೫ರ ಜುಲೈ ೧೭ರಂದು ತೆರೆದ ಡಿಸ್ನಿಲ್ಯಾಂಡಿನ ಪ್ರವೇಶದ ಬೀದಿಗೆ ಆ ಪಟ್ಟಣದ ಪೇಟೆಬೀದಿಯೇ ಪ್ರೇರಣೆಯಾಯಿತು. ಆದರೆ ಅದು ಒಬ್ಬರ ಬಾಲ್ಯದ ಫಲವಲ್ಲವೆಂಬುದು ಕಡಿಮೆ ಜನರಿಗೆ ತಿಳಿದಿದೆ. ಆ ಬೀದಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಹಾರ್ಪರ್ ಗಾಫ್ ಅವರು ತಾವು ಹುಟ್ಟಿದ ಕೊಲೊರಾಡೋದ ಫೋರ್ಟ್ ಕಾಲಿನ್ಸ್ ಊರಿನ ಕಟ್ಟಡಗಳನ್ನು ಮಾದರಿಯಾಗಿ ತಂದರು, ಆದ್ದರಿಂದ ಇಬ್ಬರು ಹುಡುಗರ ಎರಡು ಊರುಗಳು ಸೇರಿ ಮೂರನೆಯ ಬೀದಿಯೊಂದು ಎದ್ದು ನಿಂತಿತು ಎನ್ನಬೇಕು.

ಭಾರತದಲ್ಲಿ ಇದಕ್ಕೆ ಸಾಟಿಯಾದ ಹೆಸರು ನೇಕ್ ಚಂದ್ ಅವರದು. ಈಗ ಪಾಕಿಸ್ತಾನದಲ್ಲಿರುವ ಹಳ್ಳಿಯೊಂದರಲ್ಲಿ ೧೯೨೪ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಹಳ್ಳದ ದಂಡೆಯ ಮಣ್ಣುಕಲ್ಲುಗಳಲ್ಲಿ ಅರಮನೆ, ಗೊಂಬೆಗಳನ್ನು ಮಾಡುತ್ತಿದ್ದ ಈ ಹುಡುಗ, ದೇಶವಿಭಜನೆಯ ನಂತರ ಚಂಡೀಗಡದಲ್ಲಿ ರಸ್ತೆಗಳ ಮೇಲ್ವಿಚಾರಕನಾಗಿ ಕೆಲಸ ಮಾಡುತ್ತ, ಒಡೆದ ಬಳೆ, ಪಿಂಗಾಣಿ ಚೂರು, ಕೆಡವಿದ ಮನೆಗಳ ಅವಶೇಷ ಇವುಗಳನ್ನು ಸೇರಿಸಿ ಕಾಡಿನ ನಡುವೆ ಗುಟ್ಟಾಗಿ ಒಂದು ರಾಜ್ಯವನ್ನೇ ಕಟ್ಟಿದರು. ೧೯೭೬ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್ ಅದೇ. ಕೈಬಿಟ್ಟುಹೋದ ಊರು ಇನ್ನೊಂದು ಊರಿನಲ್ಲಿ ಹೀಗೆ ಮರುಹುಟ್ಟು ಪಡೆಯುವುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

ಈ ನಂಟನ್ನು ವಿದ್ವಾಂಸರೂ ಪರಿಶೀಲಿಸಿದ್ದಾರೆ. ಡೇವಿಡ್ ಸೋಬೆಲ್ ಎಂಬ ಶಿಕ್ಷಣತಜ್ಞರು ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳು ಗುಡಿಸಲು, ಪೊದೆಮನೆ, ಕೋಟೆ ಇತ್ಯಾದಿಗಳನ್ನು ತಾವೇ ಕಟ್ಟಿಕೊಳ್ಳುವ ತವಕ ನಡುಬಾಲ್ಯದಲ್ಲಿ, ಅಂದರೆ ಸುಮಾರು ಏಳರಿಂದ ಹನ್ನೊಂದನೆಯ ವಯಸ್ಸಿನ ನಡುವೆ, ಬಲವಾಗಿ ಕಾಣಿಸಿಕೊಳ್ಳುವುದನ್ನು ವಿವರಿಸಿದರು. ರಾಬರ್ಟ್ ಮತ್ತು ಮಿಶೆಲ್ ರೂಟ್-ಬರ್ನ್‌ಸ್ಟೀನ್ ಎಂಬ ಸಂಶೋಧಕ ದಂಪತಿ, ಬಾಲ್ಯದಲ್ಲಿ ತಮ್ಮದೇ ಆದ ಕಲ್ಪನೆಯ ನಾಡನ್ನು ಸೃಷ್ಟಿಸಿ, ಅದಕ್ಕೆ ನಕ್ಷೆ, ಭಾಷೆ, ಚರಿತ್ರೆಗಳನ್ನು ಕಟ್ಟಿ ಬಹುಕಾಲ ಆಡುವ ಆಟವನ್ನು ‘ಲೋಕಕಲ್ಪನೆಯ ಆಟ’ ಎಂಬ ಅರ್ಥದಲ್ಲಿ ಗುರುತಿಸಿ, ಪ್ರತಿಷ್ಠಿತ ಮೆಕಾರ್ಥರ್ ಫೆಲೋಶಿಪ್ ಪಡೆದ ಪ್ರತಿಭಾವಂತರಲ್ಲಿ ಅದು ಸಾಮಾನ್ಯ ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಕಂಡುಬರುತ್ತದೆಂದು ತೋರಿಸಿದರು. ಆದರೆ ಇಂಥ ಅಧ್ಯಯನಗಳು ದೊಡ್ಡವರ ನೆನಪನ್ನು ಆಧರಿಸಿರುತ್ತವೆ, ಮತ್ತು ಗೆದ್ದವರು ತಮ್ಮ ಗೆಲುವಿಗೆ ಹೊಂದುವ ನೆನಪನ್ನೇ ಆರಿಸಿಕೊಳ್ಳುವುದುಂಟು. ಕೋಟೆ ಕಟ್ಟಿದ ಮಕ್ಕಳೆಲ್ಲ ವಿನ್ಯಾಸಕಾರರಾಗುವುದಿಲ್ಲ. ಬಾಲ್ಯದ ಆಟವು ಕೆಲವೊಂದು ನಿರ್ದಿಷ್ಟ ಕೌಶಲಗಳನ್ನು ಕೈಗೆ ಕಲಿಸುತ್ತದೆಂದು ಮಾತ್ರ ಧೈರ್ಯದಿಂದ ಹೇಳಬಹುದು, ಮತ್ತು ಆ ಕೌಶಲಗಳು ಯಾವುವೆಂಬುದನ್ನು ಕೊಲ್ಹಾಪುರದ ದೀಪಾವಳಿಯಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಸಂದರ್ಭ ಬೇರೆ ಸಿಗುವುದು ಕಷ್ಟ.

ದೀಪಾವಳಿ ಹತ್ತಿರವಾದಂತೆ ಕೊಲ್ಹಾಪುರದ ಗಲ್ಲಿಗಳಲ್ಲಿ, ಮನೆಯಂಗಳಗಳಲ್ಲಿ, ಗಡಿಯೀಚೆಗಿನ ಬೆಳಗಾವಿಯಲ್ಲಿಯೂ ಮಕ್ಕಳು ಮಣ್ಣಿನ ಕಿಲ್ಲೆ, ಅಂದರೆ ಕೋಟೆ, ಕಟ್ಟುತ್ತಾರೆ. ಇಟ್ಟಿಗೆ ಚೂರು, ಕಲ್ಲುಗಳನ್ನು ಪೇರಿಸಿ ಗುಡ್ಡದ ಆಕಾರ ಮಾಡುವುದು, ಕೆಸರು ನೀರಿನಲ್ಲಿ ಅದ್ದಿದ ಗೋಣಿಚೀಲವನ್ನು ಅದರ ಮೇಲೆ ಹೊದಿಸಿ ಮಣ್ಣು ಮೆತ್ತುವುದು, ಬುರುಜು, ಮಹಾದ್ವಾರ, ಮೆಟ್ಟಿಲು, ಬಾವಿಗಳನ್ನು ತೋಡುವುದು, ಇಳಿಜಾರಿನಲ್ಲಿ ಸಾಸಿವೆ, ರಾಗಿ, ಅಳವಿ ಬೀಜಗಳನ್ನು ಚೆಲ್ಲಿ ನಾಲ್ಕಾರು ದಿನಗಳಲ್ಲಿ ಹಸಿರು ಮೂಡಿಸುವುದು, ಕುಂಬಾರರ ಓಣಿಯಿಂದ ತಂದ ಮಣ್ಣಿನ ಮಾವಳೆ ಸೈನಿಕರನ್ನು ಕಾವಲಿಗೆ ನಿಲ್ಲಿಸಿ, ಎತ್ತರದ ಜಾಗದಲ್ಲಿ ಶಿವಾಜಿ ಮಹಾರಾಜರ ಸಿಂಹಾಸನವನ್ನು ಇಡುವುದು ಇದರ ಕ್ರಮ. ಕೆಲವರು ಪನ್ಹಾಳವನ್ನು, ಗಡಹಿಂಗ್ಲಜ ಭಾಗದವರು ೧೮೪೪ರ ಗಡಕರಿ, ಅಂದರೆ ಕೋಟೆ ಕಾವಲಿನವರ, ಬಂಡಾಯ ಶುರುವಾದ ತಮ್ಮ ಸಾಮಾನಗಡವನ್ನು ಮಾದರಿಯಾಗಿ ಇಟ್ಟುಕೊಳ್ಳುವುದುಂಟು. ತಾನು ಹತ್ತಿ ನೋಡಿದ ಪನ್ಹಾಳದ ಅಂಬರಖಾನೆಯೆಂಬ ಕಣಜವನ್ನೂ, ತೀನ್ ದರವಾಜಾ ಎಂಬ ಬಾಗಿಲನ್ನೂ ಅಂಗಳದ ಐದಡಿ ಜಾಗದಲ್ಲಿ ಕೂರಿಸಬೇಕಾದ ಮಗುವಿಗೆ ಥೀಮ್ ಪಾರ್ಕಿನ ಮೊದಲ ಸಮಸ್ಯೆಯೇ ಎದುರಾಗುತ್ತದೆ. ಇಡೀ ಕೋಟೆಯನ್ನು ಕಿರಿದಾಗಿಸಿದರೆ ಬಾಗಿಲು ಕಾಣಿಸುವುದಿಲ್ಲ, ಬಾಗಿಲನ್ನು ಕಾಣುವಂತೆ ಮಾಡಿದರೆ ಗುಡ್ಡ ಕುಗ್ಗುತ್ತದೆ. ಹೀಗಾಗಿ ಯಾವುದನ್ನು ದೊಡ್ಡದಾಗಿಸಬೇಕು, ಯಾವುದನ್ನು ಚಿಕ್ಕದಾಗಿಸಬೇಕು, ಯಾವುದನ್ನು ಬಿಟ್ಟೇಬಿಡಬೇಕು ಎಂದು ಆ ಮಗು ತೀರ್ಮಾನಿಸಲೇಬೇಕಾಗುತ್ತದೆ.

ವಿನ್ಯಾಸದ ಪರಿಭಾಷೆಯಲ್ಲಿ ಇದನ್ನು ಪ್ರಮಾಣದ ಹೊಂದಾಣಿಕೆ ಎನ್ನಬಹುದು. ಡಿಸ್ನಿಲ್ಯಾಂಡಿನ ಪೇಟೆಬೀದಿಯಲ್ಲಿ ಕಟ್ಟಡಗಳ ಮೇಲಂತಸ್ತುಗಳನ್ನು ಕೆಳಗಿನದಕ್ಕಿಂತ ಸಣ್ಣ ಅಳತೆಯಲ್ಲಿ ಕಟ್ಟಿರುವುದರಿಂದ, ಕೆಳಗೆ ನಿಂತವರಿಗೆ ಅವು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತವೆ. ಕಣ್ಣಿಗೆ ದೂರವಾದದ್ದು ಚಿಕ್ಕದಾಗಿ ಕಾಣುತ್ತದೆಂಬ ಸ್ವಭಾವವನ್ನೇ ಬಳಸಿಕೊಂಡು ದೂರವನ್ನು ಕೃತಕವಾಗಿ ಹುಟ್ಟಿಸುವ ಈ ಉಪಾಯಕ್ಕೆ ‘ಬಲವಂತದ ದೂರದೃಶ್ಯ’ ಎಂಬರ್ಥದ ಹೆಸರಿದೆ. ಕಿಲ್ಲೆಯ ಬುಡದಲ್ಲಿ ದೊಡ್ಡ ಗೊಂಬೆಗಳನ್ನೂ ತುದಿಯಲ್ಲಿ ಚಿಕ್ಕ ಗೊಂಬೆಗಳನ್ನೂ ಇಟ್ಟರೆ ಗುಡ್ಡ ಎತ್ತರವಾಗಿ ಕಾಣುತ್ತದೆಂಬುದನ್ನು ಒಂದೆರಡು ದೀಪಾವಳಿ ಕಳೆದ ಮಗು ತಾನಾಗಿಯೇ ಕಂಡುಕೊಳ್ಳಬಲ್ಲದು. ಅಂತೆಯೇ, ನೋಡಲು ಬಂದವರ ಕಣ್ಣು ಮೊದಲು ಎಲ್ಲಿ ನಿಲ್ಲಬೇಕು, ಅಲ್ಲಿಂದ ಯಾವ ದಾರಿಯಲ್ಲಿ ಹತ್ತಿ ಸಿಂಹಾಸನವನ್ನು ಸೇರಬೇಕು ಎಂಬುದನ್ನು ರಂಗೋಲಿ ಪುಡಿಯ ರಸ್ತೆಯೊಂದು ನಿರ್ಧರಿಸುತ್ತದೆ. ದೊಡ್ಡ ಉದ್ಯಾನಗಳಲ್ಲಿ ದೂರದಿಂದಲೇ ಕಾಣುವ ಗೋಪುರವೊಂದನ್ನು ನಿಲ್ಲಿಸಿ ಜನರನ್ನು ಅದರತ್ತ ನಡೆಸುವ ಪದ್ಧತಿಯಿದೆ. ಚೈತ್ರ ಹುಣ್ಣಿಮೆಯ ಜೋತಿಬಾ ಜಾತ್ರೆಯಲ್ಲಿ ಸಾಸನಕಾಠಿ ಎಂಬ ಮುಗಿಲೆತ್ತರದ ಅಲಂಕೃತ ಬಿದಿರುಗಳನ್ನು ಹೊತ್ತು ನಡೆಯುವವರ ಹಿಂದೆ, ಗುಲಾಲಿನ ನಡುವೆ, ತಂದೆಯ ಹೆಗಲ ಮೇಲೆ ಕುಳಿತು ಗುಡ್ಡ ಹತ್ತಿದ ಮಗುವಿಗೆ ಆ ಪದ್ಧತಿಯನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಕಿಲ್ಲೆಗಿಂತ ಮುಂಚೆಯೇ ಮಣ್ಣು ಮಕ್ಕಳ ಕೈಗೆ ಬಂದಿರುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿ ನದಿ ಹರಿದು ಸಂಕೇಶ್ವರದ ಕಡೆಗೆ ಬರುತ್ತದೆ, ಮತ್ತು ಆ ದಂಡೆಯ ಹಳ್ಳಿಗಳಲ್ಲಿ ಕನ್ನಡ ಮಾತನಾಡುವ ಮನೆಗಳು ಬಹಳ. ಮುಂಗಾರು ಹಿಡಿದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಎರೆಮಣ್ಣಿನಲ್ಲಿ ಜೋಡೆತ್ತು ಮತ್ತು ಗೋದಲಿ ಮಾಡುವುದು, ಆಷಾಢದಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಕೂರಿಸುವುದು, ಪಂಚಮಿಗೆ ಮಣ್ಣಿನ ನಾಗಪ್ಪ, ಭಾದ್ರಪದಕ್ಕೆ ಗಣಪ, ಬುಟ್ಟಿಯಲ್ಲಿ ಬರುವ ಜೋಕುಮಾರ ಇವು ಉತ್ತರ ಕರ್ನಾಟಕದ ಮಳೆಗಾಲದ ಸರಣಿ. ಗಡಿಯ ಆಚೆಯ ಮನೆಗಳಲ್ಲಿಯೂ ಇದರ ಹಲವು ಕೊಂಡಿಗಳು ಉಳಿದಿವೆ. ಗುಳ್ಳವ್ವನ ಸುತ್ತ ಮಣ್ಣಿನಲ್ಲೇ ಅಂಗಳ, ಬೀಸುಕಲ್ಲು, ಒಲೆಗಳನ್ನು ಮಾಡಿ ಗುಲಗಂಜಿಯಿಂದ ಸಿಂಗರಿಸುವ ಹುಡುಗಿ ಒಂದು ಮನೆತನವನ್ನೇ ಕಟ್ಟಿರುತ್ತಾಳೆ. ಥೀಮ್ ಪಾರ್ಕ್ ವಿನ್ಯಾಸದ ಬಗ್ಗೆ ಬರೆಯುವವರು ಹುಡುಗರ ಕೋಟೆಗಳನ್ನು, ರೈಲುಗಳನ್ನು ಕೊಂಡಾಡುವಷ್ಟು ಹುಡುಗಿಯರ ಈ ಕಟ್ಟಾಣಿಕೆಯನ್ನು ಗಮನಿಸುವುದಿಲ್ಲ. ಅದು ಗಮನಿಸಲೇಬೇಕಾದ ವಿಷಯ, ಏಕೆಂದರೆ ಜನರು ಒಂದು ಜಾಗದಲ್ಲಿ ಬದುಕುತ್ತಿದ್ದಾರೆಂಬ ನಂಬಿಕೆ ಹುಟ್ಟುವುದು ಬುರುಜಿನಿಂದಲ್ಲ, ಒಲೆಯ ಬಳಿ ಇಟ್ಟ ಕೊಡದಿಂದ.

ಗಣೇಶೋತ್ಸವದ ದೇಖಾವೆಗಳಲ್ಲಿ ಇದೇ ಆಟ ಯಂತ್ರ ಮತ್ತು ಜನಸಂದಣಿಯ ಮಟ್ಟಕ್ಕೆ ಏರುತ್ತದೆ. ದೇಖಾವೆಯೆಂದರೆ ಗಣಪತಿಯ ಮಂಟಪದಲ್ಲಿ ಪುರಾಣ, ಇತಿಹಾಸ ಅಥವಾ ಸಮಕಾಲೀನ ವಿಷಯವೊಂದನ್ನು ದೃಶ್ಯವಾಗಿ ಕಟ್ಟಿ ತೋರಿಸುವ ಏರ್ಪಾಡು. ಗೊಂಬೆಗಳು ಮೋಟಾರಿನಿಂದ ಚಲಿಸಿದರೆ ಅದು ತಾಂತ್ರಿಕ ದೇಖಾವೆ. ಓಣಿಯ ತರುಣ ತರುಣಿಯರೇ ವೇಷ ಹಾಕಿ ಧ್ವನಿಮುದ್ರಿಕೆಗೆ ತಕ್ಕಂತೆ ಅಭಿನಯಿಸಿದರೆ ಸಜೀವ ದೇಖಾವೆ. ಕೊಲ್ಹಾಪುರದಲ್ಲಿ ರಾಜಾರಾಮಪುರಿಯ ಗಣೇಶೋತ್ಸವ ಮಂಡಳಗಳು ತಾಂತ್ರಿಕ ದೇಖಾವೆಗಳಿಗೆ ಹೆಸರಾಗಿವೆ. ಇಚಲಕರಂಜಿಯಂಥ ವಿದ್ಯುತ್ ಮಗ್ಗಗಳ ಊರಿನಲ್ಲಿ ಬೆಳೆದ ಮಗುವಿಗೆ ಈ ಚಲನೆಯ ಗುಟ್ಟು ಮನೆಬಾಗಿಲಲ್ಲೇ ಇರುತ್ತದೆ. ಮೋಟಾರಿನ ತಿರುಗುವ ಚಲನೆಯನ್ನು ಕ್ರ್ಯಾಂಕ್ ಎಂಬ ಬಾಗಿದ ದಂಡವು ಮಗ್ಗದ ಹಲಿಗೆಯ ಹಿಂದುಮುಂದಿನ ಚಲನೆಯಾಗಿ ಮಾರ್ಪಡಿಸುತ್ತದೆ. ಅದರ ಅರ್ಧ ವೇಗದಲ್ಲಿ ತಿರುಗುವ ಇನ್ನೊಂದು ದಂಡದ ಮೇಲಿನ ಟ್ಯಾಪೆಟ್ ಎಂಬ ಮೊಟ್ಟೆಯಾಕಾರದ ಗಾಲಿಗಳು ಹಾಸಿನ ಎಳೆಗಳನ್ನು ಸರದಿಯಂತೆ ಮೇಲೆತ್ತಿ ಕೆಳಗಿಳಿಸುತ್ತವೆ, ಲಾಳಿ ಆ ಸಂದಿನಲ್ಲಿ ಹಾದುಹೋಗುತ್ತದೆ. ಕಂಪ್ಯೂಟರಿನ ಹಂಗಿಲ್ಲದೆ ಗೊಂಬೆಯ ಕೈ ಎತ್ತಿಸುವುದಕ್ಕೆ, ರಾಕ್ಷಸನ ಬಾಯಿ ತೆರೆಸುವುದಕ್ಕೆ ಬೇಕಾಗುವುದು ಇಂಥದೇ ಗಾಲಿ ಮತ್ತು ದಂಡ.

ಸಜೀವ ದೇಖಾವೆಯಿಂದ ಕಲಿಯುವ ಇನ್ನೊಂದು ಪಾಠ ಗಣಿತಕ್ಕೆ ಸೇರಿದ್ದು. ಆರು ನಿಮಿಷದ ಆಟವನ್ನು ಒಮ್ಮೆಗೆ ೨೦೦ ಜನ ನೋಡಬಹುದಾದರೆ, ನೋಡಿದವರು ಹೊರಟು ಹೊಸಬರು ಒಳಬರಲು ಎರಡು ನಿಮಿಷ ಹಿಡಿದರೆ, ಗಂಟೆಗೆ ೧,೫೦೦ ಜನರಿಗಿಂತ ಹೆಚ್ಚು ಮಂದಿಗೆ ಅದನ್ನು ತೋರಿಸಲಾಗದು. ಬೀದಿಯಲ್ಲಿ ೬,೦೦೦ ಜನ ನಿಂತಿದ್ದರೆ ಕೊನೆಯವರು ನಾಲ್ಕು ಗಂಟೆ ಕಾಯಬೇಕು. ಉದ್ಯಾನದ ವಿನ್ಯಾಸಕಾರರು ಮೊದಲಿಗೆ ಹಾಕುವ ಲೆಕ್ಕವೂ ಇದೇ. ಆಟ ಎಷ್ಟೇ ಸೊಗಸಾಗಿದ್ದರೂ ಸರದಿಯಲ್ಲಿ ದಣಿದ ಮಗುವಿನ ಅಳು ಅದನ್ನು ಕೆಡಿಸಿಬಿಡುತ್ತದೆಂಬುದನ್ನು ಮಂಡಳದ ಹುಡುಗರು ಹಗ್ಗ ಹಿಡಿದು ಜನರನ್ನು ಸಾಲಾಗಿ ಬಿಡುವಾಗಲೇ ಅರಿತಿರುತ್ತಾರೆ.

ಇಂಥ ಬಾಲ್ಯ ದೊಡ್ಡ ಕಸುಬಾಗಿ ಬೆಳೆದುದಕ್ಕೆ ಕೊಲ್ಹಾಪುರದ ಚರಿತ್ರೆಯಲ್ಲಿ ಗಟ್ಟಿಯಾದ ಸಾಕ್ಷಿಯಿದೆ, ಆದರೆ ಅದು ಉದ್ಯಾನದ ಬದಲು ಸಿನೆಮಾದಲ್ಲಿ ಫಲಿಸಿತು. ೧೮೯೦ರಲ್ಲಿ ಇಲ್ಲಿ ಹುಟ್ಟಿದ ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ, ಕುಶಲಕರ್ಮಿ ಮನೆತನದಲ್ಲಿ ಬೆಳೆದು, ಕಲಾಶಾಲೆಯ ತರಬೇತಿಯಿಲ್ಲದೆ ಚಿತ್ರವನ್ನೂ ಶಿಲ್ಪವನ್ನೂ ಮನೆಯಲ್ಲೇ ಕಲಿತರು. ದಾಯಾದಿ ಸೋದರ ಆನಂದರಾವ್ ಜೊತೆ ನಾಟಕ ಕಂಪನಿಗಳಿಗೆ ಪರದೆ ಬರೆದು ‘ಪೇಂಟರ್’ ಎಂಬ ಹೆಸರನ್ನೇ ಪಡೆದರು. ದರ್ಬಾರಿನ ಸೀನು, ಬೀದಿಯ ಸೀನು, ಕಾಡಿನ ಸೀನು ಎಂದು ಕನ್ನಡದ ಕಂಪನಿ ನಾಟಕಗಳೂ ಕರೆಯುತ್ತಿದ್ದ ಆ ಪರದೆಗಳ ಜೀವಾಳವೇ ದೂರದೃಶ್ಯ, ಎಂದರೆ ಚಪ್ಪಟೆ ಬಟ್ಟೆಯ ಮೇಲೆ ಆಳವನ್ನು ಹುಟ್ಟಿಸುವ ಕಲೆ. ಸೋದರರಿಬ್ಬರೂ ಸಿನೆಮಾದ ಗೀಳು ಹಿಡಿದು ಕ್ಯಾಮೆರಾ ಮಾಡಹೊರಟರು. ೧೯೧೬ರಲ್ಲಿ ಆನಂದರಾವ್ ತೀರಿಕೊಂಡ ಮೇಲೆ ಬಾಬುರಾವ್ ಶಿಷ್ಯ ದಾಮ್ಲೆಯವರ ನೆರವಿನಿಂದ ಅದನ್ನು ಪೂರೈಸಿ, ೧೯೨೦ರಲ್ಲಿ ‘ಸೈರಂಧ್ರಿ’ಯನ್ನು ತೆರೆಗೆ ತಂದರು. ಬರೆದ ಪರದೆಯನ್ನು ಬಿಟ್ಟು, ಸುತ್ತ ನಡೆದಾಡಬಹುದಾದ ಸೆಟ್ಟುಗಳನ್ನು ಕಟ್ಟುವ ಕಡೆಗೆ ಅವರು ತಿರುಗಿದ್ದು ಈ ಬರಹದ ದೃಷ್ಟಿಯಿಂದ ಬಹಳ ಮುಖ್ಯ, ಏಕೆಂದರೆ ನೋಡುವವನ ಕಣ್ಣಿಗಾಗಿ ಬರೆದ ಪರದೆಗೂ ನಡೆಯುವವನ ಕಾಲಿಗಾಗಿ ಕಟ್ಟಿದ ಉದ್ಯಾನಕ್ಕೂ ನಡುವಣ ಮೆಟ್ಟಿಲು ಸೆಟ್ಟು. ಅವರ ಗರಡಿಯಲ್ಲಿ ಬೆಳೆದ ವಿ. ಶಾಂತಾರಾಮ್ ಅವರೂ ಎಳೆಯ ಪ್ರಾಯದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು, ಅಲ್ಲಿಯ ಸಿನೆಮಾ ಮಂದಿರದಲ್ಲಿ ಬಾಗಿಲು ಕಾದು ಫಲಕ ಬರೆದವರು. ಅವರು, ದಾಮ್ಲೆ, ಫತ್ತೇಲಾಲ್ ಮೊದಲಾದವರು ೧೯೨೯ರಲ್ಲಿ ಕೊಲ್ಹಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು. ಕನ್ನಡಿಗರಿಗೂ ಈ ಊರಿನ ಋಣವಿದೆ: ೧೯೩೪ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ.

ಇನ್ನು ಉದ್ಯಾನದ ರೂಪದಲ್ಲಿಯೇ ಬಾಲ್ಯದ ಊರು ಎದ್ದು ನಿಂತಿರುವುದನ್ನು ನೋಡಬೇಕಾದರೆ ಕೊಲ್ಹಾಪುರಕ್ಕೆ ಸಮೀಪದ ಕಣೇರಿಗೆ ಹೋಗಬೇಕು. ಅಲ್ಲಿಯ ಸಿದ್ಧಗಿರಿ ಮಠವು ಕಾಡಸಿದ್ಧೇಶ್ವರ ಪರಂಪರೆಗೆ ಸೇರಿದ್ದು, ಗಡಿಯ ಎರಡೂ ಬದಿಯ ಭಕ್ತರನ್ನು ಹೊಂದಿದೆ. ಮಠದ ಆವರಣದ ಗ್ರಾಮಜೀವನ ವಸ್ತುಸಂಗ್ರಹಾಲಯದಲ್ಲಿ ಸುಮಾರು ೭ ಎಕರೆ ಜಾಗದಲ್ಲಿ ೮೦ರಷ್ಟು ದೃಶ್ಯಗಳೂ ೩೦೦ರಷ್ಟು ಆಳೆತ್ತರದ ಪ್ರತಿಮೆಗಳೂ ಸೇರಿ ಯಂತ್ರಯುಗಕ್ಕೆ ಮುಂಚಿನ ಹಳ್ಳಿಯೊಂದನ್ನು ಕಟ್ಟಿಕೊಡುತ್ತವೆ. ಕಮ್ಮಾರ, ಬಡಿಗ, ಕುಂಬಾರ, ನಾವಿಂದ, ಅಗಸ ಮುಂತಾದವರು ಊರಿಗೆ ವರ್ಷವಿಡೀ ಕೆಲಸ ಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳುಕಡಿಯ ಪಾಲು ಪಡೆಯುತ್ತಿದ್ದ ಪದ್ಧತಿಯನ್ನು ಮರಾಠಿಯಲ್ಲಿ ಬಾರಾ ಬಲುತೇದಾರಿ ಎಂದೂ ಕನ್ನಡದಲ್ಲಿ ಆಯಗಾರಿಕೆ ಎಂದೂ ಕರೆಯುತ್ತಾರೆ. ಈ ಸಂಗ್ರಹಾಲಯದ ಬೆನ್ನೆಲುಬು ಅದೇ. ನೋಡುವವರು ಒಂದೇ ದಾರಿಯಲ್ಲಿ ನಡೆಯುತ್ತ, ಬಾವಿಯ ಕಟ್ಟೆಯಿಂದ ಕುಲುಮೆಗೆ, ಕುಲುಮೆಯಿಂದ ಗಾಣಕ್ಕೆ ಸಾಗುವುದರಿಂದ ಅದು ಸಂಗ್ರಹಾಲಯವೆನ್ನುವುದಕ್ಕಿಂತ ಥೀಮ್ ಪಾರ್ಕಿನ ಲಕ್ಷಣಗಳನ್ನೇ ಹೆಚ್ಚಾಗಿ ಹೊಂದಿದೆ.

ಕೊಲ್ಹಾಪುರದಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿ ಹುಬ್ಬಳ್ಳಿಯನ್ನು ದಾಟಿದರೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಸಿಗುತ್ತದೆ. ಅದರ ರೂವಾರಿ ಟಿ.ಬಿ. ಸೊಲಬಕ್ಕನವರ ಚಿತ್ರಕಾರರೂ ಶಿಲ್ಪಿಯೂ ದೊಡ್ಡಾಟದ ಕಲಾವಿದರೂ ಆಗಿದ್ದು, ೨೦೨೦ರಲ್ಲಿ ನಿಧನರಾದರು. ಉತ್ತರ ಕರ್ನಾಟಕದ ಹಳ್ಳಿಯ ವಾಡೆ, ಹೊಲಮನೆ, ಸಂತೆ, ಆಟಪಾಟಗಳನ್ನೆಲ್ಲ ಸಿಮೆಂಟಿನಲ್ಲಿ ಕಡೆದಿರಿಸಿದ ಆ ತೋಟದಲ್ಲಿ ರಾಜಕುಮಾರ್ ಅವರ ಚಿತ್ರಗಳ ಪಾತ್ರಗಳೂ ನಿಂತಿವೆ. ದೊಡ್ಡಾಟದ ರಂಗವನ್ನು ಬಲ್ಲ ಕೈಯೇ ಇದನ್ನು ಮಾಡಿದೆಯೆಂಬುದು ಪ್ರತಿಮೆಗಳ ನಿಲುವಿನಲ್ಲಿ, ಒಂದು ಮಾತು ಆಡಿ ಇನ್ನೊಂದಕ್ಕೆ ಕಾಯುವಂತಿರುವ ಅವುಗಳ ಮುಖಭಾವದಲ್ಲಿ ತಿಳಿಯುತ್ತದೆ. ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಆಡಳಿತಾಧಿಕಾರಿಯಾಗಿದ್ದರೂ ೧೯೧೫ರಲ್ಲಿ ನಾಗಮಂಗಲ ಸೀಮೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರೆಂಬುದು ಇಲ್ಲಿ ನೆನಪಿಗೆ ಬರುವ ಇನ್ನೊಂದು ಸಂಗತಿ.

ಆದರೆ ಬಾಲ್ಯದ ಕಣ್ಣಿಗೆ ಒಂದು ಮಿತಿಯಿದೆ, ಮತ್ತು ಇದನ್ನು ಹೇಳದೆ ಬಿಡುವುದು ಅನ್ಯಾಯ. ಮಗು ಕಂಡ ಊರಿನಲ್ಲಿ ಕೆಲಸಗಳೆಲ್ಲ ಆಟದಂತೆ ಸೊಗಸಾಗಿರುತ್ತವೆ. ಯಾರು ಯಾವ ಬಾವಿಯ ನೀರು ಸೇದುವಂತಿರಲಿಲ್ಲ, ಆಯದ ಕಾಳು ಯಾರ ಹೊಟ್ಟೆ ತುಂಬಲು ಸಾಕಾಗುತ್ತಿರಲಿಲ್ಲ ಎಂಬುದು ಆ ಕಣ್ಣಿಗೆ ಬೀಳುವುದಿಲ್ಲ. ಡಿಸ್ನಿಯ ಪೇಟೆಬೀದಿಗೂ ಇದೇ ಆಕ್ಷೇಪ ಎದುರಾಗಿದೆ. ೧೯೦೨ರಲ್ಲಿಯೇ ಹಿಂದುಳಿದವರಿಗೆ ನೌಕರಿಯಲ್ಲಿ ಶೇಕಡಾ ೫೦ ಮೀಸಲಾತಿ ಕೊಟ್ಟ ಶಾಹು ಮಹಾರಾಜರ ಕೊಲ್ಹಾಪುರ ಸೀಮೆಯಲ್ಲಿ, ಹಳ್ಳಿಯನ್ನು ಮರಳಿ ಕಟ್ಟುವ ವಿನ್ಯಾಸಕಾರರು ನೆನಪಿನ ಜೊತೆಗೆ ದಾಖಲೆಯನ್ನೂ ಹಿಡಿದು ಕೆಲಸ ಮಾಡಬೇಕೆಂದು ಬಯಸುವುದು ಹೆಚ್ಚಿನದೇನಲ್ಲ.

ಈ ಸೀಮೆಯ ಹುಡುಗ ಹುಡುಗಿಯರು ಈ ಕಸುಬಿಗೆ ಹೋಗಬೇಕಾದರೆ ಹಾದಿಯೇನೋ ಇದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಪ್ರದರ್ಶನ ಮತ್ತು ಸ್ಥಳಾವಕಾಶ ವಿನ್ಯಾಸದ ಶಿಕ್ಷಣವಿದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆಯಲ್ಲಿ, ಕೊಲ್ಹಾಪುರದ್ದೇ ಆದ ಕಲಾನಿಕೇತನದಲ್ಲಿ ಚಿತ್ರ, ಶಿಲ್ಪಗಳನ್ನು ಕಲಿಯಬಹುದು. ಬಿಡದಿಯ ಬಳಿ ೨೦೦೫ರಲ್ಲಿ ತೆರೆದ ವಂಡರ್‌ಲಾದಂಥ ಉದ್ಯಾನಗಳಿಗೆ ಯಂತ್ರವಿದ್ಯೆ ಬಲ್ಲವರು ಬೇಕು. ಅಡಚಣೆಯಿರುವುದು ಮೊದಲ ಹೆಜ್ಜೆಯಲ್ಲಿ. ಹತ್ತು ವರ್ಷ ಕಿಲ್ಲೆ ಕಟ್ಟಿದ, ಐದು ವರ್ಷ ಮಂಡಳದ ದೇಖಾವೆಗೆ ಮೋಟಾರು ಜೋಡಿಸಿದ ಹುಡುಗನಿಗೆ ತನ್ನ ಕೈಯಲ್ಲಿರುವುದು ಒಂದು ವಿದ್ಯೆಯೆಂದು ಹೇಳುವವರು ಅಪರೂಪ. ಸಾಂಗ್ಲಿ, ಪುಣೆಗಳ ಎಂಜಿನಿಯರಿಂಗ್ ಕಾಲೇಜಿನ ಅರ್ಜಿಯಲ್ಲಿ ಅದನ್ನು ಬರೆಯುವುದಕ್ಕೆ ಅಂಕಣವಿರುವುದಿಲ್ಲ. ಪ್ರತಿ ದೀಪಾವಳಿಯ ಕಿಲ್ಲೆಯನ್ನು ನಾಲ್ಕು ದಿಕ್ಕಿನಿಂದ ಛಾಯಾಚಿತ್ರ ತೆಗೆದು, ಕಟ್ಟುವ ಮುನ್ನ ಬರೆದ ನಕ್ಷೆಯನ್ನೂ ಕಟ್ಟಿದ ಮೇಲೆ ಆದ ತಪ್ಪುಗಳನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರೆ, ವಿನ್ಯಾಸ ಶಾಲೆಗಳು ಪ್ರವೇಶದ ವೇಳೆ ಕೇಳುವ ಕೃತಿಸಂಪುಟ ಹನ್ನೆರಡನೆಯ ತರಗತಿಯ ಹೊತ್ತಿಗೆ ತಾನಾಗಿಯೇ ಸಿದ್ಧವಾಗಿರುತ್ತದೆ. ಚಿತ್ರಕಲೆಯ ಶಿಕ್ಷಕರು ಇದಿಷ್ಟನ್ನು ಮಾಡಿಸಿದರೂ ದೊಡ್ಡ ಉಪಕಾರ.

ತುಳಸಿ ಲಗ್ನ ಮುಗಿಯುವ ಹೊತ್ತಿಗೆ ಕಿಲ್ಲೆಯ ಮೇಲಿನ ಸಾಸಿವೆ ಸಸಿಗಳು ಹಳದಿಯಾಗಿ ಬಾಗಿರುತ್ತವೆ, ಗೋಣಿಚೀಲದ ಮಣ್ಣು ಬಿರುಕು ಬಿಟ್ಟಿರುತ್ತದೆ. ಮಣ್ಣು ಹಿತ್ತಲಿನ ಗಿಡಗಳ ಬುಡಕ್ಕೆ ಹೋಗುತ್ತದೆ, ಮಾವಳೆಗಳೂ ಸಿಂಹಾಸನವೂ ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಚಪ್ಪಲಿ ಡಬ್ಬಿಯೊಳಗೆ ಸೇರಿ ಅಟ್ಟ ಹತ್ತುತ್ತವೆ. ಬಾವಿಯಲ್ಲಿ ನೀರು ನಿಲ್ಲದೆ ಇಂಗಿಹೋದದ್ದೇಕೆ, ಮುಂದಿನ ಸಲ ಅದರ ತಳಕ್ಕೆ ಏನು ಹಾಸಬೇಕು ಎಂಬ ಚರ್ಚೆ ಮಾತ್ರ ಓಣಿಯ ಮಕ್ಕಳಲ್ಲಿ ಇನ್ನೂ ಕೆಲವು ದಿನ ನಡೆದೇ ಇರುತ್ತದೆ.